ಎರಡು ಕೋಷ್ಟಕಗಳು, ಒಂದೇ ವಯಸ್ಸಿನ ಮಕ್ಕಳು

ಹದಿನೇಳರ ಹುಡುಗನೊಬ್ಬ ಕೊಲೆ ಪ್ರಕರಣದಲ್ಲಿ ಸಿಕ್ಕಿಬಿದ್ದ ಸುದ್ದಿ ಬಂದಾಗಲೆಲ್ಲ, ಈಗಿನ ಮಕ್ಕಳು ಕೈಮೀರಿ ಹೋಗಿದ್ದಾರೆ ಎಂಬ ಮಾತು ಕೇಳಿಬರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಗಳಲ್ಲಿ ಇದಕ್ಕೆ ಆಧಾರ ಸಿಗುವುದಿಲ್ಲ. ಅಪ್ರಾಪ್ತರೇ ಆರೋಪಿಗಳಾಗಿರುವ ಪ್ರಕರಣಗಳು 2016ರಲ್ಲಿ 35,849 ಇದ್ದವು, 2022ರಲ್ಲಿ 30,555ಕ್ಕೆ ಇಳಿದವು. ಅದೇ ಅವಧಿಯಲ್ಲಿ ಮಕ್ಕಳ ಮೇಲಿನ ಅಪರಾಧಗಳು 1,06,958ರಿಂದ 1,62,449ಕ್ಕೆ ಏರಿದವು. ಚರ್ಚೆಯಾಗಬೇಕಾದದ್ದು ಈ ಎರಡನೆಯ ಸಂಖ್ಯೆ.

ಆದರೆ ಈ ಏರಿಕೆಯಷ್ಟೇ ಪ್ರಮಾಣದಲ್ಲಿ ಕ್ರೌರ್ಯವೂ ಹೆಚ್ಚಿದೆ ಎಂದು ಹೇಳಲಾಗದು. ವರದಿ ಎಣಿಸುವುದು ಪೊಲೀಸ್ ಠಾಣೆಯಲ್ಲಿ ದಾಖಲಾದದ್ದನ್ನು ಮಾತ್ರ. ಕಾಣೆಯಾದ ಮಗುವಿನ ಬಗ್ಗೆ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕವರು ಪೊಲೀಸರಿಗೆ ತಿಳಿಸುವುದನ್ನು, ಹದಿನೆಂಟರೊಳಗಿನ ಮಕ್ಕಳನ್ನು ಅಂತಹ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಕಡ್ಡಾಯಗೊಳಿಸಿತು. 2022ರ ಪ್ರಕರಣಗಳಲ್ಲಿ ಶೇ 45.7ರಷ್ಟು ಅಪಹರಣ ಮತ್ತು ಶೇ 39.7ರಷ್ಟು ಪೋಕ್ಸೊ ಅಡಿಯಲ್ಲಿ ದಾಖಲಾದವು ಎಂಬುದನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು. 2020ರಲ್ಲಿ ಒಟ್ಟು ಸಂಖ್ಯೆ 1,28,531ಕ್ಕೆ ಕುಸಿದದ್ದನ್ನು ನಾನು ಸಮಾಧಾನದ ಸಂಗತಿಯೆಂದು ಭಾವಿಸುವುದಿಲ್ಲ. ಪೋಕ್ಸೊ ಆರೋಪಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವರು ಮಗುವಿಗೆ ಪರಿಚಿತರೇ ಆಗಿರುವಾಗ, ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದ್ದ ಆ ವರ್ಷ ಮಗುವಿನ ಮುಖ ನೋಡಿ ಏನಾಯಿತೆಂದು ಕೇಳುವ ಶಿಕ್ಷಕಿಯೂ ಎದುರಿಗಿರಲಿಲ್ಲ.

2022ರಲ್ಲಿ ವಶಕ್ಕೆ ಪಡೆಯಲಾದ ಅಪ್ರಾಪ್ತರಲ್ಲಿ ಶೇ 78.6ರಷ್ಟು ಮಂದಿ 16ರಿಂದ 18ರ ನಡುವಿನವರು. ವರದಿಯಲ್ಲಿ ಮಕ್ಕಳೇ ಆರೋಪಿಗಳಾದ ಮತ್ತು ಮಕ್ಕಳೇ ಸಂತ್ರಸ್ತರಾದ ಎರಡೂ ಕೋಷ್ಟಕಗಳು ಒಂದಕ್ಕೊಂದು ತಾಗುವುದು ಈ ವಯೋಮಾನದಲ್ಲಿಯೇ. ಹದಿನಾರರ ಹುಡುಗಿ, ಹದಿನೇಳರ ಹುಡುಗ ಪರಸ್ಪರ ಒಪ್ಪಿ ಊರು ಬಿಟ್ಟರೆ, ಹುಡುಗಿಯ ಮನೆಯವರ ದೂರಿನ ಮೇರೆಗೆ ಅವಳು ಸಂತ್ರಸ್ತೆಯರ ಪಟ್ಟಿಗೂ ಅವನು ಆರೋಪಿಗಳ ಪಟ್ಟಿಗೂ ಸೇರುತ್ತಾರೆ. ಬಲಾತ್ಕಾರದ ಪ್ರಕರಣವೂ ಇದೂ ಅಂಕಿಅಂಶದಲ್ಲಿ ಒಂದೇ ಸಾಲಿನಲ್ಲಿ ಕೂರುತ್ತವೆ. ಇಂತಹ ಪ್ರಕರಣಗಳನ್ನು ಕಂಡೇ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವು 2022ರ ನವೆಂಬರಿನಲ್ಲಿ ಲೈಂಗಿಕ ಸಮ್ಮತಿಯ ವಯಸ್ಸಾದ ಹದಿನೆಂಟನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತ್ತು. ಮರುವರ್ಷ ಆಯೋಗವು ವಯಸ್ಸನ್ನು ಇಳಿಸುವುದು ಬೇಡವೆಂದಿತು, ಆದರೆ 16ರಿಂದ 18ರೊಳಗಿನವರ ಮೌನಸಮ್ಮತಿ ಇದ್ದ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಮಾಣವನ್ನು ನ್ಯಾಯಾಧೀಶರ ವಿವೇಚನೆಗೆ ಬಿಡಬಹುದೆಂದು ಶಿಫಾರಸು ಮಾಡಿತು. ಆ ಶಿಫಾರಸು ಜಾರಿಯಾದರೂ ಬದಲಾಗುವುದು ಶಿಕ್ಷೆಯೇ ಹೊರತು ಎಣಿಕೆಯಲ್ಲ.