ಊರಿಗೆ ಊರೇ ಹೊರಗೆ

ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಭವಿಷ್ಯ ನುಡಿಯುವ ಕಾರ್ಣಿಕದ ಬಗ್ಗೆ ಬರೆಯಬೇಕೆಂದೇ ಹೊರಟವನು ನಾನು. ಅದರ ಬಗ್ಗೆ ನನ್ನ ಹತ್ತಿರ ಇರುವುದು ಇಷ್ಟೇ: ಡೆಂಕಣಮರಡಿಯ ಬಯಲಲ್ಲಿ ಕಣ್ಣು ಹಾಯುವಷ್ಟು ಜನ, ಮೂಗಿನ ತುಂಬ ಧೂಳು ಮತ್ತು ಭಂಡಾರದ ಅರಿಶಿನ, ದೂರದಲ್ಲಿ ಬಿಲ್ಲನ್ನೇರುತ್ತಿದ್ದ ಗೊರವಯ್ಯ ಒಂದು ಕಡ್ಡಿಯಷ್ಟು ಕಂಡ. ‘ಸದ್ದಲೇ’ ಎಂಬ ಕೂಗು ಬಿದ್ದದ್ದೇ ತಡ, ಅಷ್ಟೂ ಮಂದಿ ಗಪ್ ಎಂದರು. ಆಮೇಲೆ ಅವನು ನುಡಿದದ್ದು ನನಗೆ ಕೇಳಿಸಲೇ ಇಲ್ಲ. ಪಕ್ಕದವನ ಮೊಬೈಲಿಗೆ ಬಂದ ಮೆಸೇಜಿನಲ್ಲಿ ಓದಿಕೊಂಡೆ. ಮಳೆಬೆಳೆಗೆ ಒಳ್ಳೆಯದಂತೆ ಎಂದು ಒಬ್ಬರು, ಸರ್ಕಾರಕ್ಕೆ ಕೆಟ್ಟದ್ದಂತೆ ಎಂದು ಇನ್ನೊಬ್ಬರು. ಆ ಒಂದು ಗಳಿಗೆಯ ಮೌನಕ್ಕೆ ಮೈ ಜುಮ್ಮೆಂದಿತು. ಉಳಿದದ್ದೆಲ್ಲ ನೂಕುನುಗ್ಗಲು.

ಬರೆಯಬೇಕಾಗಿರುವುದು ಮರುದಿನದ್ದು.

ದಾವಣಗೆರೆಯಲ್ಲಿ ಬಾಡಿಗೆಗೆ ಹಿಡಿದಿದ್ದ ಬೈಕು. ಬೆಳಿಗ್ಗೆ ಹಡಗಲಿ ಬಿಟ್ಟು ಹರಪನಹಳ್ಳಿ ದಾರಿ ಹಿಡಿದೆ. ಬಾಗಳಿಯ ಕಲ್ಲೇಶ್ವರ ಗುಡಿ ನೋಡಿ, ಹೊತ್ತಿದ್ದರೆ ಉಚ್ಚಂಗಿದುರ್ಗ ಹತ್ತಿ, ರಾತ್ರಿ ದಾವಣಗೆರೆಯಲ್ಲಿ ರೈಲು ಹಿಡಿಯುವ ಲೆಕ್ಕ. ಮೊಬೈಲಿನ ಮ್ಯಾಪು ಹನ್ನೆರಡು ನಿಮಿಷ ಉಳಿಯುತ್ತದೆಂದು ಒಂದು ಒಳದಾರಿ ತೋರಿಸಿತು. ನಂಬಿದೆ. ಮೆಕ್ಕೆಜೋಳ ಕಿತ್ತ ಬಯಲುಗಳ ನಡುವೆ ಐದಾರು ಕಿಲೋಮೀಟರ್ ಹೋಗಿರಬೇಕು, ಹಿಂದಿನ ಚಕ್ರ ಕುಸಿಯಿತು. ಬಾಡಿಗೆ ಬೈಕು ಹಿಡಿಯುವವರಿಗೆ ಒಂದು ಮಾತು: ಮಿರರು, ಹಾರನ್ನು ಆಮೇಲೆ ನೋಡಿ, ಮೊದಲು ಬಗ್ಗಿ ಟೈರಿನ ಮೇಲೆ ಕೈಯಾಡಿಸಿ. ನನ್ನದು ಬೋಳಾಗಿತ್ತು. “ಹೊಸಾ ಟೈರು ಸಾರ್” ಎಂದವನ ಮುಖ ಈಗಲೂ ಕಣ್ಣ ಮುಂದಿದೆ.

ಅರ್ಧ ಕಿಲೋಮೀಟರಿನಾಚೆ ಊರು ಕಾಣುತ್ತಿತ್ತು. ತಳ್ಳಿಕೊಂಡು ಹೋದೆ. ಊರ ಬಾಯಿಗೆ ರಸ್ತೆಗಡ್ಡ ಬಳ್ಳಾರಿ ಜಾಲಿಯ ಮುಳ್ಳುಕಂಟಿ ಎಳೆದು ಹಾಕಿದ್ದರು. ಅದರಾಚೆ ಎರಡೂ ಕಡೆ ಮನೆಗಳು, ಎಲ್ಲ ಬಾಗಿಲಿಗೂ ಬೀಗ. ಕಟ್ಟೆಯ ಮೇಲೆ ಒಬ್ಬ ಮುದುಕನೂ ಇಲ್ಲ. ಒಲೆಯ ಹೊಗೆ ಇಲ್ಲ, ಹಿಟ್ಟಿನ ಗಿರಣಿಯ ಸದ್ದಿಲ್ಲ. ನಾಯಿ ಸಹ ಬೊಗಳಲಿಲ್ಲ ಅಂದರೆ ನೋಡಿ. ನಮ್ಮ ಕಡೆ ನಾಯಿ ಬೊಗಳದ ಊರು ಅಂತ ಒಂದಿದೆಯೇ? ಒಂದು ಅಂಗಳದಲ್ಲಿ ತೊಳೆದು ಬೋರಲು ಹಾಕಿದ್ದ ಕೊಡ ಮಾತ್ರ ಬಿಸಿಲಿಗೆ ಹೊಳೆಯುತ್ತಿತ್ತು. ಗದ್ದಲದ ಜಾತ್ರೆಯಿಂದ ಬಂದವನಿಗೆ ಆ ಖಾಲಿ ಬೀದಿ ಕಂಡು ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು. ಮುಳ್ಳು ಸರಿಸಲು ಕೈ ಹಾಕಿದೆನೋ ಇಲ್ಲವೋ, “ಏಯ್, ಏಯ್, ಮುಟ್ಟಬ್ಯಾಡ್ರೀ!” ಎಂದು ಹಿಂದಿನಿಂದ ಕೂಗು. ಕೋಲು ಹಿಡಿದ ಇಬ್ಬರು ಹುಡುಗರು.

“ಇವತ್ತು ಹೊರಬೀಡು ಐತ್ರಿ ಸಾರ್. ಹೊತ್ತು ಮುಳುಗೋತನ ಒಳಗ ಯಾರೂ ಹೋಗಂಗಿಲ್ಲ.”

“ಪಂಕ್ಚರ್ ಅಂಗಡಿ?”

“ಐತ್ರಿ. ಒಳಗೈತಿ.”

“ಅಂಗಡಿಯವನು?”

“ಹೊರಗದಾನ.”

ಹೊರಬೀಡಿನ ಬಗ್ಗೆ ಓದಿದ್ದೆ, ಕಂಡಿರಲಿಲ್ಲ. ಊರಿಗೆ ರೋಗರುಜಿನ ಬಂದಾಗ, ಬಂದೀತೆಂಬ ಅಂಜಿಕೆ ಹುಟ್ಟಿದಾಗ, ಹಿರಿಯರು ಒಂದು ಮಂಗಳವಾರವನ್ನೋ ಶುಕ್ರವಾರವನ್ನೋ ಗೊತ್ತು ಮಾಡುತ್ತಾರೆ. ಹಿಂದೆ ಡಂಗುರ ಸಾರುತ್ತಿದ್ದರಂತೆ, ಈಗ ವಾಟ್ಸಾಪ್ ಗ್ರೂಪು. ಬೆಳಕು ಹರಿಯುವ ಮೊದಲೇ ಮನೆ ಸಾರಿಸಿ, ಬೀಗ ಜಡಿದು, ದನಕರು, ಕೋಳಿ, ನಾಯಿ, ಹಾಸಿಗೆ ಹಿಡಿದ ಮುದುಕರ ಸಮೇತ ಎಲ್ಲರೂ ಊರಾಚೆ. ಒಳಗೆ ಒಲೆ ಹೊತ್ತುವಂತಿಲ್ಲ. ಅವತ್ತಿನ ಮಟ್ಟಿಗೆ ಊರು ಊರಮ್ಮನದು.

ಹುಡುಗರು ನನ್ನನ್ನು ಕೆರೆಯಂಗಳದ ಹುಣಸೆ ತೋಪಿಗೆ ಕರೆದುಕೊಂಡು ಹೋದರು. ಊರೆಲ್ಲ ಅಲ್ಲಿತ್ತು. ಮೂರು ಕಲ್ಲಿನ ಒಲೆಗಳು, ಹೋಳಿಗೆಗೆ ಬೇಯುವ ಬೇಳೆಯ ವಾಸನೆ, ಸೀರೆಯ ಜೋಲಿಯಲ್ಲಿ ಕೂಸುಗಳು, ಇಸ್ಪೀಟಾಡುವ ಗಂಡಸರು. ರೋಗಕ್ಕೆ ಹೆದರಿ ಮನೆ ಬಿಟ್ಟು ಬಂದವರು ಎಂದು ಯಾರೂ ಹೇಳುವಂತಿರಲಿಲ್ಲ. ಪಂಕ್ಚರ್ ಅಂಗಡಿಯವ ಇಸ್ಪೀಟಿನ ಎಲೆಯಿಂದ ಕಣ್ಣೆತ್ತದೆ ಟೈರಿನ ಕತೆ ಕೇಳಿ, “ಸಂಜಿಗೆ ಮಾಡಿ ಕೊಡ್ತೀನಿ, ಕುಂದರ್ರಿ” ಎಂದ. ಪಂಪು, ಪ್ಯಾಚು, ಎಲ್ಲ ಊರಮ್ಮನ ವಶದಲ್ಲಿದ್ದವು. ಬೆಳಿಗ್ಗೆ ಹತ್ತೂವರೆ. ಬಾಗಳಿಯ ಹತ್ತನೇ ಶತಮಾನದ ಕಂಬಗಳು ಎಲ್ಲೂ ಓಡಿಹೋಗುವುದಿಲ್ಲ ಎಂದುಕೊಂಡು ಕುಳಿತೆ.

ಕುಳಿತ ಮೇಲೆ ಕಣ್ಣಿಗೆ ಬಿದ್ದದ್ದು ಇನ್ನೊಂದು. ಒಂದೊಂದು ಮರದ ಕೆಳಗೆ ಒಂದೊಂದು ಓಣಿ. ಗೌಡರ ಮನೆಯವರಿಗೆ ದೊಡ್ಡ ಹುಣಸೆಯ ದಟ್ಟ ನೆರಳು. ಕೆರೆ ಏರಿಯ ಆಚೆ, ಸಾಕಷ್ಟು ದೂರದಲ್ಲಿ, ಎರಡು ಬಡಕಲು ಜಾಲಿಮರಗಳ ಕೆಳಗೆ ಇನ್ನೊಂದಿಷ್ಟು ಒಲೆಗಳ ಹೊಗೆ. ಅವರು ಯಾರೆಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಊರು ಖಾಲಿ ಮಾಡಿ ಬಂದವರು ಕೇರಿಗಳನ್ನು ಮಾತ್ರ ಹೊತ್ತುಕೊಂಡೇ ಬಂದಿದ್ದರು.

ಡಿಗ್ರಿ ಓದುತ್ತಿದ್ದ ಒಬ್ಬ ಹುಡುಗ ಪಕ್ಕ ಬಂದು ಕೂತ. “ಇದು ಮೂಢನಂಬಿಕೆ ಅಲ್ಲ ಸಾರ್, ಆಗಿನ ಕಾಲದ ಐಸೊಲೇಶನ್ನು” ಎಂದ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. 1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹೊಕ್ಕಿತು. ಆ ಕಾಲದಲ್ಲಿ ಇಲಿ ಸತ್ತು ಬೀಳತೊಡಗಿದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾರಗಟ್ಟಲೆ ಇರುತ್ತಿದ್ದರು. ಅದರಿಂದ ಉಪಯೋಗವಿತ್ತು, ಯಾಕೆಂದರೆ ರೋಗ ಹರಡುತ್ತಿದ್ದದ್ದು ಮನೆಯೊಳಗಿನ ಇಲಿಯ ಚಿಗಟದಿಂದ. ಬೆಳಿಗ್ಗೆ ಹೋಗಿ ಸಂಜೆ ಮರಳಿದರೆ ಇಲಿಗೆ ಒಂದು ದಿನದ ರಜೆ ಸಿಕ್ಕಂತಾಯಿತು, ಅಷ್ಟೆ. ಇದನ್ನು ಹೇಳಿದಾಗ ಹುಡುಗ ಪೆಚ್ಚಾದ. ಹಾಗೆ ಹೇಳಬಾರದಿತ್ತು. ಅವನಿಗೆ ಬೇಕಿದ್ದದ್ದು ಪಟ್ಟಣದವನ ಮುಂದೆ ತನ್ನ ಊರಿನ ಮರ್ಯಾದೆ.

ನಾನಾದರೂ ಇನ್ನೊಂದು ಸಿದ್ಧ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದೆ. ದೇವರು ಹುಟ್ಟಿದ್ದು ಹೆದರಿಕೆಯಿಂದ. ಎರಡು ಸಾವಿರ ವರ್ಷದ ಹಿಂದಿನ ರೋಮಿನ ಕವಿಗಳೇ ಹೇಳಿದ ಮಾತು. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿ ಅದನ್ನು ಬಿಡಿಸಿ ಬರೆದ: ಮನುಷ್ಯ ಆಕಾಶ, ನಕ್ಷತ್ರಗಳ ಸೊಬಗಿಗೆ ಬೆರಗಾಗಿ ದೇವರನ್ನು ಕಂಡುಕೊಳ್ಳಲಿಲ್ಲ, ನಾಳೆ ಏನಾದೀತೋ ಎಂಬ ಆಸೆ, ಅಂಜಿಕೆಗಳ ತೊಳಲಾಟದಲ್ಲಿ ಕಂಡುಕೊಂಡ. ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1927ರ ಭಾಷಣದಲ್ಲಿ ಇನ್ನೂ ಖಡಕ್ಕಾಗಿ, ಧರ್ಮದ ಬುಡದಲ್ಲಿರುವುದೇ ಭಯ ಎಂದ. ಎದುರಿಗೆ ಊರಿಗೆ ಊರೇ ಬೀಗ ಹಾಕಿ ಕೂತಿರುವಾಗ ಇದಕ್ಕಿಂತ ಸಾಕ್ಷಿ ಬೇಕೆ?

ಪಂಕ್ಚರ್ ಅಂಗಡಿಯವನೇ ನನಗೆ ಇನ್ನಷ್ಟು ಸಾಕ್ಷಿ ಒದಗಿಸಿದ. “ನಮ್ಮ ತಂಗೀನ ಭದ್ರಾ ಚಾನಲ್ ಕಡೆ ಊರಿಗೆ ಕೊಟ್ಟೀವ್ರೀ. ಅಲ್ಲಿ ಇದೆಲ್ಲ ಯಾವಾಗೋ ಬಿಟ್ಟಾರ. ಕಾಲಕಾಲಕ್ಕ ನೀರು ಬಂದ್ರ ಊರಮ್ಮ ಯಾಕ ನೆನಪಾಗ್ತಾಳ? ನಮ್ಮದು ಮಳಿ ನಂಬಿದ ಭೂಮಿ.” ನಾನು ಹೆಚ್ಚುಕಡಿಮೆ ಎದ್ದು ಕೂತೆ. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ಕಿನ ಟ್ರೊಬ್ರಿಯಾಂಡ್ ದ್ವೀಪಗಳಲ್ಲಿದ್ದು ಕಂಡದ್ದೂ ಇದನ್ನೇ. ದ್ವೀಪದ ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆ ಮಂತ್ರ ತಂತ್ರ ಬೇಕಿರಲಿಲ್ಲ. ತೆರೆದ ಕಡಲಿಗೆ ಇಳಿಯುವವರಿಗೆ ಮಾತ್ರ ಮಂತ್ರದ ಮೇಲೆ ಮಂತ್ರ ಬೇಕಿತ್ತು. ಕೈಯ ಅಳವಿಗೆ ಸಿಗದಿರುವುದು ಎಲ್ಲಿ ಶುರುವಾಗುತ್ತದೋ ಅಲ್ಲಿ ದೇವರು. ನನ್ನ ಲೆಕ್ಕ ಸರಿಹೋಯಿತು.

ಅದನ್ನು ಕೆಡಿಸಿದವಳು ಒಬ್ಬ ಅಜ್ಜಿ.

ಊಟಕ್ಕೆ ಕರೆದವಳು ಅವಳೇ. ಎಂಬತ್ತರ ಹತ್ತಿರದವಳು, ಕೆನ್ನೆ ಹಣೆಯ ತುಂಬ ಸಿಡುಬಿನ ಕುಳಿಗಳು. ಆ ಕಲೆಯ ಮುಖಗಳು ಇನ್ನು ಹೆಚ್ಚು ಕಾಣಸಿಗುವುದಿಲ್ಲ. ಭಾರತದಲ್ಲಿ ಸಿಡುಬು 1975ಕ್ಕೆ ನಿಂತಿತು, 1980ರಲ್ಲಿ ಜಗತ್ತಿನಿಂದಲೇ ಹೋಯಿತೆಂದು ಸಾರಿದರು. ಎಲೆಗೆ ಹೋಳಿಗೆ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಕಟ್ಟಿನ ಸಾರು. ಜಾತ್ರೆಯ ಹೋಟೆಲಿನ ಸೋಡಾ ಹಾಕಿದ ಅನ್ನ ತಿಂದ ಬಾಯಿಗೆ ಆ ಸಾರು ಏನೆಂದು ಹೇಳಲಿ, ಮೂರು ಸಲ ಹಾಕಿಸಿಕೊಂಡೆ.

“ಅಜ್ಜೀ, ನಿಮಗೆ ಊರಮ್ಮನ್ನ ಕಂಡ್ರೆ ಹೆದರಿಕೆನಾ?”

“ಯಾಕಪ್ಪಾ? ಆಕೀನ ಕಂಡ್ರ ಯಾಕ ಅಂಜಬೇಕು?”

“ರೋಗ ತರ್ತಾಳಲ್ಲ.”

“ತರ್ತಾಳ. ಒಯ್ತಾಳ.” ಕೆನ್ನೆ ಮುಟ್ಟಿಕೊಂಡಳು. “ಬಂದಿದ್ಲು. ಒಂಬತ್ತು ದಿನ ಇದ್ಲು. ಬೇವಿನ ಸೊಪ್ಪಿನ ಮ್ಯಾಲ ಮಲಗಿಸಿದ್ರು. ನಮ್ಮ ತಮ್ಮನ್ನ ಕರಕೊಂಡು ಹೋದ್ಲು, ನನ್ನ ಬಿಟ್ಟು ಹೋದ್ಲು.”

ನಾನು ಸುಮ್ಮನಾದೆ. ಅವಳು ಸುಮ್ಮನಾಗಲಿಲ್ಲ.

ಹಿಂದಿನ ವರ್ಷ ದನಗಳಿಗೆ ಚರ್ಮಗಂಟು ರೋಗ ಬಂದಾಗ ಇವರ ಮನೆಯ ಎತ್ತು ಸತ್ತಿತ್ತು. ಜೋಡಿಯಲ್ಲಿ ಒಂದು. ಉಳಿದದ್ದನ್ನು ಮಾರಬೇಕಾಯಿತು, ಒಂಟಿ ಎತ್ತಿನಿಂದ ಏನು ಉಳುಮೆ? ಈ ಹೊರಬೀಡು ಹಿಡಿದದ್ದೂ ಅದು ಮತ್ತೆ ಬಾರದಿರಲೆಂದೇ. “ಡಾಕ್ಟ್ರು ಬಂದು ಸೂಜಿ ಹಾಕಿದ್ರಪ್ಪಾ. ನಮ್ಮ ಎತ್ತಿಗೆ ತಡಾ ಆತು. ಸೂಜೀನೂ ಬೇಕು, ಇದೂ ಬೇಕು.” ಆಗ ದನಗಳಿಗೆ ಹಾಕುತ್ತಿದ್ದದ್ದು ಮೇಕೆ ಸಿಡುಬಿನ ಲಸಿಕೆ ಎಂದು ನಾನು ಅವಳಿಗೆ ಹೇಳಿದೆ. “ನೋಡು ಮತ್ತ, ಅದೂ ಆಕೀದ” ಎಂದು ಬೊಚ್ಚುಬಾಯಿ ತೆರೆದು ನಕ್ಕಳು.

ಆಮೇಲೆ ಹೇಳಿದ ಮಾತನ್ನು ಅಲ್ಲೇ ಫೋನಿನಲ್ಲಿ ಬರೆದುಕೊಂಡೆ.

“ಎತ್ತು ಸತ್ತ ದಿನ ಆಕಿ ಗುಡಿ ಮುಂದ ನಿಂತು ಬಾಯಿಗೆ ಬಂದಂಗ ಬೈದೆ. ರಂಡಿ, ಮುಂಡಿ ಅಂದೆ. ನಿನಗ ಕಣ್ಣಿಲ್ಲೇನು ಅಂದೆ. ಬೈದು ಅತ್ತು ಮನಿಗೆ ಬಂದು ಉಂಡೆ. ಆಕಿ ಇರದಿದ್ರ ಯಾರಿಗೆ ಬೈಲಿ? ಗಂಟಿಗೆ ಬೈಯಾಕ ಆಗತೈತೇನು?”

ಹ್ಯೂಮನಿಗೆ ಈ ಮಾತು ಕೇಳಿಸಬೇಕಿತ್ತು. ಹೆದರಿಕೆಯಿಂದ ದೇವರು ಹುಟ್ಟಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಹುಟ್ಟಿದ ಮೇಲೆ ಹೆದರಿಕೆ ಹೆದರಿಕೆಯಾಗಿ ಉಳಿದಿರಲಿಲ್ಲ. ಅದಕ್ಕೆ ಮುಖ ಬಂದಿತ್ತು, ಹೆಸರು ಬಂದಿತ್ತು, ಹೋಳಿಗೆ ಉಣ್ಣುವ ಬಾಯಿ, ಬೈಸಿಕೊಳ್ಳುವ ಕಿವಿ ಬಂದಿತ್ತು. ನಮ್ಮ ಭಾಷೆಯಲ್ಲಿ ಭಯಭಕ್ತಿ ಎಂದು ಎರಡನ್ನೂ ಒಂದೇ ಉಸಿರಿಗೆ ಹೇಳುತ್ತೇವಲ್ಲ, ಅದನ್ನು ನಾನು ಯಾವತ್ತೂ ಬಿಡಿಸಿ ನೋಡಿರಲಿಲ್ಲ.

ಹೀಗೆಂದು ಅಜ್ಜಿಯನ್ನು ಸಂತಳನ್ನಾಗಿ ಮಾಡುವ ಇರಾದೆ ಇಲ್ಲ. ಕೊರೊನಾ ಕಾಲದಲ್ಲಿ ಏನು ಮಾಡಿದಿರಿ ಎಂದು ಕೇಳಿದೆ. “ಪೊಲೀಸ್ರು ಮನ್ಯಾಗ ಕೂಡಿ ಹಾಕಿದ್ರು. ಅದು ಅಂಜಿಕಿ ನೋಡಪ್ಪಾ. ಅವರವರ ಬಾಗ್ಲ ಹಾಕ್ಕೊಂಡು ಒಬ್ಬೊಬ್ಬರ ಅಂಜೋದು.” ಅಷ್ಟು ಚೆಂದ ಹೇಳಿದವಳು, ಅದೇ ಉಸಿರಿನಲ್ಲಿ, ತಾನು ಸಣ್ಣವಳಿದ್ದಾಗ ಮಾರಿಯನ್ನು ಪುಟ್ಟ ಬಂಡಿಯಲ್ಲಿ ಕೂರಿಸಿ ರಾತ್ರೋರಾತ್ರಿ ಗಡಿ ದಾಟಿಸಿ ಪಕ್ಕದೂರಿನ ಹೊಲದಲ್ಲಿ ಬಿಟ್ಟು ಓಡಿಬರುತ್ತಿದ್ದದ್ದನ್ನು ಹೆಮ್ಮೆಯಿಂದ ಹೇಳಿದಳು. “ಮತ್ತೆ ಅವರು?” ಎಂದೆ. “ಅವ್ರು ಮುಂದಿನೂರಿಗೆ ದಬ್ಬಬೇಕಪ್ಪಾ.” ಒಮ್ಮೆ ಬಂಡಿ ವಾಪಸು ಬಂದು ಎರಡೂ ಊರಿನವರು ಬಡಿದಾಡಿಕೊಂಡಿದ್ದರಂತೆ. ತಲೆ ಒಡೆದದ್ದು ಯಾರದೆಂದು ಅವಳಿಗೆ ಹೆಸರು ಸಹಿತ ನೆನಪಿತ್ತು. ಬಂಡಿ ಎಳೆಯಲು ಯಾರನ್ನು ಕಳಿಸುತ್ತಿದ್ದರು ಎಂದು ಕೇಳಿದಾಗ ಮಾತ್ರ ಕೆರೆ ಏರಿಯ ಆಚೆಗೆ ಗದ್ದ ಎತ್ತಿ ತೋರಿಸಿ, ಇನ್ನೊಂದು ಹೋಳಿಗೆ ಹಾಕಿಕೋ ಎಂದಳು.

ಮಧ್ಯಾಹ್ನ ಹುಣಸೆ ನೆರಳಿನಲ್ಲಿ ಮಲಗಿ ಎದ್ದೆ.

ಹೊತ್ತು ಮುಳುಗಿದ ಮೇಲೆ ಪೂಜಾರಿ ಮುಳ್ಳುಕಂಟಿಯ ಹತ್ತಿರ ಕಾಯಿ ಒಡೆದ. ಕಂಟಿ ಎಳೆದರು. ಮೊದಲು ದನಗಳು, ಅವುಗಳ ಧೂಳಿನ ಹಿಂದೆ ಹೆಂಗಸರು, ಕೊನೆಗೆ ನಾವು. ಬೀದಿದೀಪಗಳು ಹಗಲೆಲ್ಲ ಉರಿದಿದ್ದವು, ಆರಿಸಲು ಯಾರೂ ಇರಲಿಲ್ಲ. ನಾನೂ ಪಂಕ್ಚರ್ ಅಂಗಡಿಯವನೂ ಬೈಕು ತಳ್ಳಿಕೊಂಡು ಹೋಗುತ್ತಿದ್ದೆವು. ಒಂದು ಮನೆಯ ಮುಂದೆ ಅಜ್ಜಿ ನಿಂತಿದ್ದಳು. ಸೊಂಟದಿಂದ ಬೀಗದ ಕೈ ತೆಗೆದವಳು ಬೀಗಕ್ಕೆ ಹಾಕಲಿಲ್ಲ. ಬೀಗವನ್ನೇ ಹಿಡಿದು ಬಾಗಿಲಿಗೆ ಎರಡು ಸಲ ಬಡಿದಳು. ತನ್ನದೇ ಮನೆ, ಒಳಗೆ ಯಾರೂ ಇಲ್ಲ. ಸೆರಗು ಸರಿಮಾಡಿಕೊಂಡು ಒಂದಿಷ್ಟು ಹೊತ್ತು ಪಕ್ಕಕ್ಕೆ ಸರಿದು ನಿಂತಳು, ಆಮೇಲೆ ತೆರೆದಳು.

“ಒಳಗಿದ್ದಾಕಿ ಹೊರಗ ಬರಾಕ ಹೊತ್ತು ಬೇಕಲ್ರೀ” ಎಂದು ಅಂಗಡಿಯವ ನನ್ನತ್ತ ನೋಡಿ ನಕ್ಕ. “ಹಳೇ ಮಂದಿ.”

ಅವನ ಅಂಗಡಿ ಬೀದಿಯ ತುದಿಯಲ್ಲಿತ್ತು. ನಾನು ಬೈಕಿಗೆ ಸ್ಟ್ಯಾಂಡ್ ಹಾಕುತ್ತಿದ್ದೆ. ಶಟರಿನ ಮುಂದೆ ನಿಂತವನು ನನ್ನ ಕಡೆ ಒಮ್ಮೆ ತಿರುಗಿ ನೋಡಿ, ಗಟ್ಟಿಯಾಗಿ ಕೆಮ್ಮಿದ. ಸ್ವಲ್ಪ ತಡೆದು, ಶಟರು ಎತ್ತಿದ. ಟ್ಯೂಬಿನಲ್ಲಿ ಸಿಕ್ಕಿದ್ದು ಬಳ್ಳಾರಿ ಜಾಲಿಯ ಮುಳ್ಳು.