ತೆನೆ ಹಿಡಿದು ಬಾಪ್ಪುವಿನ ಮನೆಗೆ

ಸೆಪ್ಟೆಂಬರ್ 8 ಮೊಂತಿ ಹಬ್ಬ, ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಮಾತೆ ಮರಿಯಮ್ಮನ ಜನ್ಮದಿನ, ಹೊಸ ತೆನೆಯ ಹಬ್ಬ. ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಅರ್ಪಿಸಿಯಾದ ಮೇಲೆ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಹೊಸ ತೆನೆಗೆ ಆಶೀರ್ವಾದ. ಮನೆಗೆ ತಂದ ತೆನೆಯ ಕಾಳು ಸುಲಿದು ಹಾಲಿಗೆ ಹಾಕಿ ಎಲ್ಲರೂ ಕುಡಿದ ಮೇಲೆಯೇ ಬಾಳೆಲೆಯ ಊಟ. ಅಂದು ಮೀನಿಲ್ಲ, ಮಾಂಸವಿಲ್ಲ. ಪದಾರ್ಥಗಳು ಐದೋ ಏಳೋ, ಬೆಸ ಸಂಖ್ಯೆಯಲ್ಲಿರಬೇಕು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಇಗರ್ಜಿ ಮಾತ್ರ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿಯಿತು. ರಾಜ್ಯದ ಗಡಿಗೆ ಜಗ್ಗದ ನಮ್ಮನ್ನು ಒಂದು ಹಂಚಿನ ಮಾಡು ಒಡೆಯಿತು. ಹಳೆಯ ಸಭಾಭವನವನ್ನು ಕೆಡವುವುದೋ, ದುರಸ್ತಿ ಮಾಡುವುದೋ ಎಂದು ಶುರುವಾದ ಮಾತು ಲೆಕ್ಕಪತ್ರಕ್ಕೆ ಬಂದು ನಿಂತಿತು. ಲೆಕ್ಕ ಇಟ್ಟವರು ನನ್ನ ಚಿಕ್ಕಪ್ಪ, ನಮ್ಮ ಮನೆಮಾತಿನಲ್ಲಿ ಬಾಪ್ಪು. ತುಂಬಿದ ಸಭೆಯಲ್ಲಿ ಎದ್ದು "ರಶೀದಿ ಎಲ್ಲಿ?" ಎಂದವನು ನಾನು. ಕೇಳಿದ್ದು ತಪ್ಪಲ್ಲ ಎಂದು ಈಗಲೂ ಅನಿಸುತ್ತದೆ. ಕೇಳಿದ ದನಿ ತಪ್ಪು.

ಆಮೇಲೆ ಬಲಗಡೆಯ ಬೆಂಚುಗಳು ಅವರ ಪಕ್ಷದ್ದು, ಎಡಗಡೆಯವು ನಮ್ಮದು. ಪೂಜೆಯಲ್ಲಿ ಸಮಾಧಾನ ಹಂಚಿಕೊಳ್ಳುವ ಹೊತ್ತಿಗೆ ಬೇಕಾದವರ ಕಡೆಗಷ್ಟೇ ಕುತ್ತಿಗೆ ತಿರುಗಿಸುವ ವಿದ್ಯೆ ಎಲ್ಲರಿಗೂ ಕರಗತವಾಯಿತು. ಎರಡು ವರ್ಷ ಹಬ್ಬದ ಊಟಕ್ಕೆ ಬಾಪ್ಪು ಬರಲಿಲ್ಲ.

ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು, ಮೊದಲು ಹೋಗಿ ಸೋದರನೊಡನೆ ಒಂದಾಗು ಎನ್ನುತ್ತದೆ ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದು ಅಲ್ಲಿಲ್ಲ. ಅವನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಎಂದಿದೆ. ಎಷ್ಟೋ ಸಲ ಕೇಳಿದ್ದ ವಾಕ್ಯ. ಯಾರದು ಸರಿ ಎಂಬ ವಿಚಾರಣೆಯೇ ಅದರಲ್ಲಿಲ್ಲ ಎಂಬುದು ಹೊಳೆದದ್ದು ಈ ಸಲದ ನೊವೇನಾದಲ್ಲಿ, ಹಬ್ಬಕ್ಕೆ ಮುಂಚಿನ ಆ ಒಂಬತ್ತು ದಿನಗಳ ಪ್ರಾರ್ಥನೆಯಲ್ಲಿ.

ಪೂಜೆ ಮುಗಿದೊಡನೆ ತೆನೆ ಹಿಡಿದು, ಅಡಿಕೆ ತೋಟದ ಕೆಸರಿನಲ್ಲಿ ಚಪ್ಪಲಿ ಕೈಗೆತ್ತಿಕೊಂಡು ಬಾಪ್ಪುವಿನ ಮನೆಗೆ ಹೋದೆ. ಜಗಲಿಯಲ್ಲಿದ್ದರು. ಕುಳಿತುಕೋ ಎನ್ನಲಿಲ್ಲ.

"ಬಾಪ್ಪು, ಸಭೆಯಲ್ಲಿ ನಾನು ಹಾಗೆ ಮಾತಾಡಬಾರದಿತ್ತು."

ಅವರು ತೆನೆ ತೆಗೆದುಕೊಂಡು ಒಂದು ಭತ್ತವನ್ನು ಉಗುರಿನಿಂದ ಸುಲಿದರು. ಹಸಿ ಅಕ್ಕಿ, ಮುರಿದರೆ ಹಾಲು. "ಇನ್ನೂ ಬಲಿತಿಲ್ಲ" ಎಂದರು. ಒಳಗೆ ಹಾಲು ಕಾಯಿಸಲು ಕೂಗಿ ಹೇಳಿದರು.

ಆಮೇಲೆ ಎದ್ದು ಹೋಗಿ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ನನ್ನ ಮುಂದಿಟ್ಟರು. ಸಿಮೆಂಟು, ಹಂಚು, ಆಳಿನ ಕೂಲಿ, ಎಲ್ಲದರ ರಶೀದಿಗಳು ದಾರದಲ್ಲಿ ಪೋಣಿಸಿದ್ದವು.

"ಬೇಡ ಬಾಪ್ಪು."

"ಬೇಡವೆಂದರೆ ಹೇಗೆ? ಕೇಳಿದ್ದೀಯಲ್ಲ, ನೋಡು."

ನೋಡಿದೆ. ಒಂದೊಂದಾಗಿ, ಮುಕ್ಕಾಲು ಗಂಟೆ. ಎರಡು ರಶೀದಿ ನಿಜಕ್ಕೂ ಇರಲಿಲ್ಲ. ನಾನು ಹೇಳುವ ಮೊದಲೇ ಅವರೇ ಹೇಳಿದರು. ಅಷ್ಟರಲ್ಲಿ ಲೋಟದ ಹಾಲು ಕೆನೆಗಟ್ಟಿತ್ತು.