ಡ್ಯಾಮಿಗೆ ದುಡ್ಡು ಹುಡುಕಿಕೊಂಡು ಹೋದ ಗ್ಬೆಡೆಮಾ

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಯಿತಲ್ಲ, ಆ ವಾರ ಮುನಿರಾಬಾದಿನಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ತುಂಬಿ ನಿಂತಿದ್ದ ನೀರು ಕಣ್ಣೆದುರೇ ಹರಿದು ಹೋಗುತ್ತಿತ್ತು. ಎಡದಂಡೆ ಕಾಲುವೆ ನಂಬಿಕೊಂಡು ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ನಾಟಿ ಮಾಡಿದವರ ಗತಿ ಏನು ಅಂತ ಎಲ್ಲರ ಬಾಯಲ್ಲೂ ಅದೇ ಮಾತು. ಮಲಗಿದರೂ ನೀರಿನ ಸದ್ದೇ ಕಿವಿಯಲ್ಲಿ. ಎದ್ದು ಕೂತು ಬೇರೆ ದೇಶಗಳ ಡ್ಯಾಮುಗಳ ಬಗ್ಗೆ ಓದತೊಡಗಿದೆ. ಹಾಗೆ ಸಿಕ್ಕಿದ್ದು ಪಶ್ಚಿಮ ಆಫ್ರಿಕಾದ ಘಾನಾದಲ್ಲಿರುವ ಅಕೊಸೊಂಬೊ ಡ್ಯಾಮ್. ಅದರ ಹಿಂದೆ ಹೋದಾಗ ಸಿಕ್ಕವರು ಕೋಮ್ಲಾ ಅಗ್ಬೇಲಿ ಗ್ಬೆಡೆಮಾ, ಆ ದೇಶದ ಮೊದಲ ಹಣಕಾಸು ಮಂತ್ರಿ. ಆವತ್ತಿನಿಂದ ಈ ಮನುಷ್ಯ ನನ್ನ ತಲೆಯಿಂದ ಹೋಗಿಲ್ಲ.

ಘಾನಾ ಅಂದರೆ ನಮ್ಮಲ್ಲಿ ಗೊತ್ತಿರುವವರಿಗೆ ಗೊತ್ತಿರುವುದು ಎನ್‌ಕ್ರುಮಾ ಒಬ್ಬರೇ. ನೆಹರು, ನಾಸರ್, ಟಿಟೊ ಜೊತೆ ಫೋಟೊದಲ್ಲಿ ನಿಂತಿರುತ್ತಾರಲ್ಲ, ಅವರು, ಘಾನಾದ ಮೊದಲ ಪ್ರಧಾನಿ. ಆದರೆ ಎನ್‌ಕ್ರುಮಾ ಜೈಲಿನಲ್ಲಿದ್ದಾಗ ಪಕ್ಷ ಕಾದವರು ಯಾರು, ಚುನಾವಣೆ ಗೆಲ್ಲಿಸಿದವರು ಯಾರು, ಆಮೇಲೆ ದೇಶದ ಖಜಾನೆ ನೋಡಿಕೊಂಡವರು ಯಾರು ಅಂತ ಕೇಳಿದರೆ ಮೂರಕ್ಕೂ ಒಂದೇ ಹೆಸರು ಬರುತ್ತದೆ. ಅದಕ್ಕೇ ಇದನ್ನು ಬರೆಯಲೇಬೇಕು ಅನಿಸಿತು.

ಗ್ಬೆಡೆಮಾ ಎವೆ ಜನಾಂಗದವರು. ಹುಟ್ಟಿದ್ದು ನೈಜೀರಿಯಾದ ವಾರಿಯಲ್ಲಿ, ಓದಿದ್ದು ಗೋಲ್ಡ್ ಕೋಸ್ಟಿನಲ್ಲಿ. ಬ್ರಿಟಿಷರ ಕಾಲದಲ್ಲಿ ಘಾನಾಕ್ಕೆ ಅದೇ ಹೆಸರು. ಮೇಷ್ಟ್ರಾಗಿದ್ದರು, ಆಮೇಲೆ ವ್ಯಾಪಾರಕ್ಕೆ ಇಳಿದರು. 1949ರ ಜೂನಿನಲ್ಲಿ ಎನ್‌ಕ್ರುಮಾ ಕನ್ವೆನ್ಷನ್ ಪೀಪಲ್ಸ್ ಪಾರ್ಟಿ ಕಟ್ಟಿದಾಗ ಜೊತೆಗಿದ್ದರು. ಈಗಲೇ ಸ್ವರಾಜ್ಯ ಬೇಕು, ಇನ್ನು ಕಾಯುವುದಿಲ್ಲ ಅನ್ನುವುದು ಆ ಪಕ್ಷದ ಒಂದೇ ಮಾತು. ಪಕ್ಷದ ಪತ್ರಿಕೆಯಲ್ಲಿ ಬಂದ ಬರಹವೊಂದಕ್ಕೆ ಸುಳ್ಳು ಸುದ್ದಿ ಅಂತ ಕೇಸು ಹಾಕಿ ಅದೇ ವರ್ಷ ಗ್ಬೆಡೆಮಾಗೆ 6 ತಿಂಗಳು ಜೈಲು ಕೊಟ್ಟರು.

ಆ ಜೈಲೇ ಪಕ್ಷವನ್ನು ಉಳಿಸಿತು ನೋಡಿ. 1950ರ ಜನವರಿಯಲ್ಲಿ ದೊಡ್ಡ ಮುಷ್ಕರ ನಡೆದು ಎನ್‌ಕ್ರುಮಾ ಸಮೇತ ನಾಯಕರನ್ನೆಲ್ಲ ಹಿಡಿದು ಒಳಗೆ ಹಾಕಿದರು. ಅಷ್ಟೊತ್ತಿಗಾಗಲೇ ಒಳಗಿದ್ದ ಗ್ಬೆಡೆಮಾ ಮಾರ್ಚಿನಲ್ಲಿ ಶಿಕ್ಷೆ ಮುಗಿಸಿ ಹೊರಗೆ ಬಂದರು. ಉಳಿದವರು ಒಳಗೆ, ಇವರು ಹೊರಗೆ. ಪಕ್ಷದ ಭಾರವೆಲ್ಲ ಇವರ ತಲೆ ಮೇಲೆ ಬಿತ್ತು. ಕೆಂಪು, ಬಿಳಿ, ಹಸಿರು ಬಣ್ಣ ಹೊಡೆದ ವ್ಯಾನುಗಳಿಗೆ ಧ್ವನಿವರ್ಧಕ ಕಟ್ಟಿ ಊರೂರಿಗೆ ಕಳಿಸಿದರು. ಅತ್ತ ರಾಜಧಾನಿ ಅಕ್ರಾದ ಜೇಮ್ಸ್ ಫೋರ್ಟ್ ಜೈಲಿನಿಂದ ಎನ್‌ಕ್ರುಮಾ ಟಾಯ್ಲೆಟ್ ಪೇಪರಿನ ಮೇಲೆ ಪೆನ್ಸಿಲಿನಿಂದ ಬರೆದು ಕಳ್ಳದಾರಿಯಲ್ಲಿ ಚೀಟಿ ಕಳಿಸುತ್ತಿದ್ದರು. 1951ರ ಫೆಬ್ರವರಿ 8ರಂದು ಚುನಾವಣೆ. ಜನರ ಓಟಿನ ಮೇಲೆ ನಿಂತಿದ್ದ 38 ಸೀಟುಗಳಲ್ಲಿ 34 ಈ ಪಕ್ಷಕ್ಕೆ ಬಂದವು. ಎನ್‌ಕ್ರುಮಾ ಜೈಲಿನಲ್ಲಿ ಕೂತೇ ಅಕ್ರಾದಿಂದ ಗೆದ್ದರು. 23,122 ಮತಗಳಲ್ಲಿ 22,780 ಅವರೊಬ್ಬರಿಗೇ! ನಾಲ್ಕೇ ದಿನಕ್ಕೆ ಬ್ರಿಟಿಷರು ಬಾಗಿಲು ತೆಗೆದು ಅವರನ್ನು ಬಿಟ್ಟರು.

ಸ್ವಲ್ಪ ಯೋಚನೆ ಮಾಡಿ. ನಾಯಕ ಒಳಗಿದ್ದಾನೆ, ಪಕ್ಷ ಪೂರ್ತಿ ನಿಮ್ಮ ಕೈಯಲ್ಲಿದೆ, ಜನ ನಿಮ್ಮ ಮಾತು ಕೇಳುತ್ತಾರೆ. ನಾನೇ ಯಾಕೆ ನಾಯಕ ಆಗಬಾರದು ಅಂತ ಎಷ್ಟು ಜನಕ್ಕೆ ಅನಿಸುವುದಿಲ್ಲ? ಗ್ಬೆಡೆಮಾ ಗೆದ್ದ ಪಕ್ಷವನ್ನು ಹಾಗೇ ತೆಗೆದುಕೊಂಡು ಹೋಗಿ ಗೆಳೆಯನ ಕೈಗೆ ಇಟ್ಟರು. ನನಗೆ ಅವರ ಜೀವನದಲ್ಲಿ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಇದೇ.

ಆಮೇಲೆ 10 ವರ್ಷ ಮಂತ್ರಿ. ಮೊದಲು ಆರೋಗ್ಯ ಮತ್ತು ಕಾರ್ಮಿಕ ಖಾತೆ, ಆಮೇಲೆ ವಾಣಿಜ್ಯ, 1954ರಿಂದ ಹಣಕಾಸು. 1957ರ ಮಾರ್ಚ್ 6ರ ನಡುರಾತ್ರಿ ಅಕ್ರಾದ ಪೋಲೊ ಮೈದಾನದಲ್ಲಿ ಎನ್‌ಕ್ರುಮಾ ಸ್ವಾತಂತ್ರ್ಯ ಸಾರಿದಾಗ ವೇದಿಕೆಯಲ್ಲಿ ಇವರೂ ಇದ್ದರು. ಜೈಲಿಗೆ ಹೋಗಿ ಬಂದವರೆಲ್ಲ ಅದರ ಗುರುತಿನ ಟೋಪಿ ಹಾಕಿಕೊಂಡು ನಿಂತ ಆ ಫೋಟೊ ಎಷ್ಟು ಸಲ ನೋಡಿದ್ದೇನೋ. ನಮ್ಮ ಕೊಪ್ಪಳ, ರಾಯಚೂರಿಗೆ ಸ್ವಾತಂತ್ರ್ಯ ಬಂದಿದ್ದು 1947ರಲ್ಲಿ ಅಲ್ಲ, ನಿಜಾಮನ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರಿನಲ್ಲಿ. ಆ ದಿನ ಊರಲ್ಲಿ ಬಾವುಟ ಹಾರಿಸಿದ್ದನ್ನು ನಮ್ಮ ತಾತ ಸಾಯುವ ತನಕ ಹೇಳುತ್ತಿದ್ದರು. ಆ ಫೋಟೊದಲ್ಲಿ ಇರುವವರ ಮುಖ ನೋಡಿದಾಗ ತಾತ ಕಣ್ಣ ಮುಂದೆ ಬರುತ್ತಾರೆ.

ಬಾವುಟ ಹಾರಿಸಿದರೆ ಆಯಿತಾ, ದುಡ್ಡು ಬೇಕಲ್ಲ. ನಮ್ಮ ಕಡೆ ಭತ್ತ ಹೇಗೋ ಅಲ್ಲಿ ಕೋಕೋ ಹಾಗೆ. ರೇಟು ಬಿದ್ದರೆ ದೇಶವೇ ಬೀಳುತ್ತದೆ. ಅಲ್ಲಿಯ ತನಕ ಚಲಾವಣೆಯಲ್ಲಿ ಇದ್ದಿದ್ದು ಬ್ರಿಟಿಷರು ಇಡೀ ಪಶ್ಚಿಮ ಆಫ್ರಿಕಾಕ್ಕೆ ಸೇರಿಸಿ ಮಾಡಿದ್ದ ಪೌಂಡು. ಗ್ಬೆಡೆಮಾ ಕಾಲದಲ್ಲಿ ಬ್ಯಾಂಕ್ ಆಫ್ ಘಾನಾ ಶುರುವಾಯಿತು, 1958ರ ಜುಲೈನಲ್ಲಿ ದೇಶದ ಸ್ವಂತ ನೋಟು, ನಾಣ್ಯ ಬಂದವು. ನಾಣ್ಯದ ಮೇಲೆ ಎನ್‌ಕ್ರುಮಾ ಮುಖ. ಮುಂದೆ ಬರಲಿರುವುದರ ಸುಳಿವು ಅಲ್ಲೇ ಇತ್ತು ಅಂತ ನನಗೆ ಅನಿಸುತ್ತದೆ.

ಈಗ ಕಿತ್ತಳೆ ಹಣ್ಣಿನ ಜ್ಯೂಸಿನ ಕತೆ. 1957ರ ಅಕ್ಟೋಬರಿನಲ್ಲಿ ಗ್ಬೆಡೆಮಾ ಅಮೆರಿಕಕ್ಕೆ ಹೋಗಿದ್ದರು. ಡೆಲವೇರ್ ರಾಜ್ಯದ ಡೋವರ್ ಹತ್ತಿರ ದಾರಿ ಬದಿಯ ಹೊವರ್ಡ್ ಜಾನ್ಸನ್ ಹೋಟೆಲಿಗೆ ತಮ್ಮ ಕಾರ್ಯದರ್ಶಿ ಬಿಲ್ ಸದರ್ಲೆಂಡ್ ಜೊತೆ ಹೋಗಿ ಎರಡು ಗ್ಲಾಸ್ ಜ್ಯೂಸ್ ಕೇಳಿದರು. ಸದರ್ಲೆಂಡ್ ಅಮೆರಿಕದವರೇ, ಕಪ್ಪು ಜನಾಂಗದವರು. 60 ಸೆಂಟ್ ತೆಗೆದುಕೊಂಡು ಜ್ಯೂಸನ್ನು ಕಟ್ಟಿಕೊಟ್ಟರು. ಕೂತು ಕುಡಿಯುವ ಹಾಗಿಲ್ಲ, ಕಪ್ಪು ಜನಕ್ಕೆ ಇಲ್ಲಿ ಒಳಗೆ ಕೊಡುವುದಿಲ್ಲ ಅಂದರು. ಒಂದು ದೇಶದ ಹಣಕಾಸು ಮಂತ್ರಿ ಅಂತ ಗುರುತಿನ ಚೀಟಿ ತೋರಿಸಿದರೂ ಕೇಳಲಿಲ್ಲ. ಜ್ಯೂಸೂ ನೀವೇ ಇಟ್ಟುಕೊಳ್ಳಿ, ಚಿಲ್ಲರೆಯೂ ಇಟ್ಟುಕೊಳ್ಳಿ, ಆದರೆ ಇದು ಇಲ್ಲಿಗೆ ಮುಗಿಯಲ್ಲ ಅಂತ ಹೇಳಿ ಹೊರಗೆ ಬಂದರು ಗ್ಬೆಡೆಮಾ. ನಿಮ್ಮ ಉಪಾಧ್ಯಕ್ಷ ನಿಕ್ಸನ್ ಘಾನಾಕ್ಕೆ ಬಂದಾಗ ನನ್ನ ಮನೆಯಲ್ಲಿ ಊಟ ಮಾಡಬಹುದು, ನಾನು ನಿಮ್ಮ ರಸ್ತೆ ಬದಿ ಹೋಟೆಲಿನಲ್ಲಿ ಕೂರಬಾರದಾ ಅಂತ ಆಮೇಲೆ ಕೇಳಿದರು. ಸುದ್ದಿ ಪತ್ರಿಕೆಗಳಿಗೆ ಹೋಯಿತು. ಲಿಟಲ್ ರಾಕ್ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸುವ ಗಲಾಟೆಯಿಂದ ಆಗಲೇ ಅಮೆರಿಕದ ಮಾನ ಹೋಗಿತ್ತು. ಅಕ್ಟೋಬರ್ 10ಕ್ಕೆ ಅಧ್ಯಕ್ಷ ಐಸೆನ್‌ಹೋವರ್ ಇವರನ್ನು ವೈಟ್ ಹೌಸಿಗೆ ಬೆಳಗಿನ ತಿಂಡಿಗೆ ಕರೆದರು.

ಅಲ್ಲಿದ್ದ ಜನ ನನಗಿಂತ ಕೆಳಗಿನ ಅಂತಸ್ತಿನವರು, ಅವರು ಕುಡಿಯಬಹುದು, ನಾನು ಕುಡಿಯಬಾರದಾ ಅಂತಲೂ ಗ್ಬೆಡೆಮಾ ಹೋಟೆಲಿನಲ್ಲಿ ಹೇಳಿದ್ದರು. ಆ ಮಾತು ನನಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಮಂತ್ರಿ ಅಲ್ಲದಿದ್ದರೆ ಏನಾಗುತ್ತಿತ್ತು? ಸದರ್ಲೆಂಡ್ ಒಬ್ಬರೇ ಹೋಗಿದ್ದರೆ ಯಾರು ತಿಂಡಿಗೆ ಕರೆಯುತ್ತಿದ್ದರು? ನಮ್ಮ ಜಿಲ್ಲೆಯಲ್ಲಿ ಇದ್ದವರಿಗೆ ಈ ಪ್ರಶ್ನೆ ಬಾರದೇ ಇರುವುದಿಲ್ಲ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಟ್ಟುಕೊಳ್ಳದ ಜಗಳ ಬೆಳೆದು 2014ರಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. 10 ವರ್ಷ ಕಳೆದು 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ನನ್ನ ಜೊತೆ ಓದಿದ ಗೆಳೆಯನಿಗೆ ಚಿಕ್ಕವನಿದ್ದಾಗ ಅವನ ಊರಿನ ಹೋಟೆಲಿನಲ್ಲಿ ಚಹಾ ಬೇರೆ ಲೋಟದಲ್ಲಿ, ಹೊರಗೆ ಕಲ್ಲಿನ ಮೇಲೆ. ಕುಡಿದು ತಾನೇ ತೊಳೆದಿಡಬೇಕಿತ್ತು. ಡೋವರಿನ ಕತೆ ಹೇಳಿದಾಗ ಅವನು ನಗಲೂ ಇಲ್ಲ, ಆಶ್ಚರ್ಯ ಪಡಲೂ ಇಲ್ಲ. "ಅವರಿಗೆ ಲೋಟವಾದರೂ ಒಂದೇ ಇತ್ತಲ್ವಾ" ಅಂದ.

ಆ ತಿಂಡಿಯ ಹೊತ್ತಿನಲ್ಲಿ ಗ್ಬೆಡೆಮಾ ಅವಮಾನದ ಮಾತು ಬೇಗ ಮುಗಿಸಿ ವೋಲ್ಟಾ ನದಿಯ ವಿಷಯ ತೆಗೆದರು. ಈ ಮನುಷ್ಯ ಹೇಗಿದ್ದರು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ವೋಲ್ಟಾಕ್ಕೆ ಡ್ಯಾಮ್ ಕಟ್ಟಿ, ಕರೆಂಟು ತೆಗೆದು, ಅದರಿಂದ ಅಲ್ಯೂಮಿನಿಯಂ ಮಾಡಬೇಕು ಅನ್ನುವುದು ಹಳೆಯ ಯೋಜನೆ, ಅದೇ ಮುಂದೆ ಅಕೊಸೊಂಬೊ ಡ್ಯಾಮ್ ಆಗಿದ್ದು. ಖರ್ಚು ಜಾಸ್ತಿ ಅಂತ ಬ್ರಿಟಿಷರು ಹಿಂದೆ ಸರಿದಿದ್ದರು. ಅಮೆರಿಕದ ಆಸಕ್ತಿ ಚಿಗುರಿದ್ದು ಈ ಮಾತುಕತೆಯಿಂದ. ಆಮೇಲೆ ಅಮೆರಿಕದ ಅಲ್ಯೂಮಿನಿಯಂ ಕಂಪನಿ ಕೈಸರ್ ಬಂತು, ವಿಶ್ವಬ್ಯಾಂಕ್ ಸಾಲ ಬಂತು.

ಆದರೆ ಡ್ಯಾಮ್ ಏಳುವಷ್ಟರಲ್ಲಿ ಇವರು ಅಧಿಕಾರದಲ್ಲಿ ಇರಲಿಲ್ಲ. 1961ರ ಏಪ್ರಿಲ್ 8ರ ನಸುಕಿನಲ್ಲಿ ಎನ್‌ಕ್ರುಮಾ ರೇಡಿಯೊದಲ್ಲಿ ಮಾತಾಡಿ, ಅಧಿಕಾರ ಹಿಡಿದು ದುಡ್ಡು ಮಾಡುತ್ತಿರುವವರನ್ನು ತರಾಟೆಗೆ ತೆಗೆದುಕೊಂಡರು. ಮುಂದಿನ ತಿಂಗಳೇ ಗ್ಬೆಡೆಮಾರಿಂದ ಹಣಕಾಸು ಕಿತ್ತುಕೊಂಡು ಆರೋಗ್ಯ ಖಾತೆಗೆ ಹಾಕಿದರು. ಸೆಪ್ಟೆಂಬರಿನಲ್ಲಿ ಅದೂ ಹೋಯಿತು. ಅಕ್ಟೋಬರಿನಲ್ಲಿ ಸರ್ಕಾರ ಒಂದು ಮಸೂದೆ ತಂದಿತು: ರಾಜಕೀಯ ಅಪರಾಧಗಳಿಗೆ ವಿಶೇಷ ಕೋರ್ಟು, ಗಲ್ಲಿನ ತನಕ ಶಿಕ್ಷೆ, ಮೇಲ್ಮನವಿ ಇಲ್ಲ. ಗ್ಬೆಡೆಮಾ ಸಂಸತ್ತಿನಲ್ಲಿ ಎದ್ದು ನಿಂತು ಅದರ ವಿರುದ್ಧ ಮಾತಾಡಿದರು. ಆಮೇಲೆ ದೇಶ ಬಿಟ್ಟು ಹೋದರು.

ಧೈರ್ಯದ ಮಾತು, ನಿಜ. ಆದರೆ ವಿಚಾರಣೆ ಇಲ್ಲದೆ ಯಾರನ್ನಾದರೂ 5 ವರ್ಷ ಜೈಲಿನಲ್ಲಿ ಇಡಬಹುದು ಅನ್ನುವ ಕಾಯ್ದೆ ಬಂದಿದ್ದು 1958ರಲ್ಲಿ. ಆಗ ಇವರು ಮಂತ್ರಿ. ಆ ಕಾಯ್ದೆಯಲ್ಲಿ ಸಿಕ್ಕಿಕೊಂಡ ವಿರೋಧ ಪಕ್ಷದ ಹಿರಿಯ ವಕೀಲ ಡಾಂಕ್ವಾ 1965ರಲ್ಲಿ ನ್ಸಾವಾಮ್ ಜೈಲಿನಲ್ಲೇ ತೀರಿಕೊಂಡರು. ಗ್ಬೆಡೆಮಾರನ್ನು ನಾನು ಎಷ್ಟು ಮೆಚ್ಚಿದರೂ ಈ ಲೆಕ್ಕದಿಂದ ಅವರ ಹೆಸರನ್ನು ತೆಗೆಯಲು ಆಗುವುದಿಲ್ಲ. ಮೂರು ವರ್ಷ ಮುಂಚೆ ಮಾತಾಡಬೇಕಿತ್ತು.

1966ರ ಜನವರಿ 22ಕ್ಕೆ ಎನ್‌ಕ್ರುಮಾ ಅಕೊಸೊಂಬೊ ಡ್ಯಾಮ್ ಉದ್ಘಾಟನೆ ಮಾಡಿದರು. ದುಡ್ಡಿಗೆ ಓಡಾಡಿದವರು ಆಗ ದೇಶದ ಹೊರಗೆ. ಫೆಬ್ರವರಿ 24ಕ್ಕೆ ಸೈನ್ಯ ಎನ್‌ಕ್ರುಮಾ ಸರ್ಕಾರವನ್ನೇ ಕಿತ್ತುಹಾಕಿತು. ಗ್ಬೆಡೆಮಾ ವಾಪಸ್ ಬಂದು ಹೊಸ ಪಕ್ಷ ಕಟ್ಟಿ 1969ರ ಚುನಾವಣೆಗೆ ನಿಂತರು. ಪಕ್ಷಕ್ಕೆ 140ರಲ್ಲಿ 29 ಸೀಟು ಬಂದವು, ಇವರೂ ಕೇಟಾದಿಂದ ಗೆದ್ದರು. ಆದರೆ ಎನ್‌ಕ್ರುಮಾ ಕಾಲದ ಮಂತ್ರಿಗಳ ಆಸ್ತಿ ತನಿಖೆ ಮಾಡಿದ್ದ ಆಯೋಗದ ವರದಿ ಮುಂದಿಟ್ಟುಕೊಂಡು ಕೋರ್ಟು ಅವರನ್ನು ಸಂಸತ್ತಿನಲ್ಲಿ ಕೂರಲು ಬಿಡಲಿಲ್ಲ. ತೀರಿಕೊಂಡಿದ್ದು 1998ರಲ್ಲಿ.

ಅಕೊಸೊಂಬೊ ನೀರಿನಲ್ಲಿ ಸುಮಾರು 700 ಹಳ್ಳಿ ಮುಳುಗಿದವು, 80,000 ಜನ ಮನೆ ಬಿಟ್ಟರು. ಅವರನ್ನು 52 ಹೊಸ ಊರುಗಳಿಗೆ ಹಾಕಿದರು. ಮುಳುಗಡೆ ಅನ್ನುವ ಮಾತಿಗೆ ನಮ್ಮ ಮನೆಯಲ್ಲಿ ಬೇರೆ ಅರ್ಥ ಹೇಳಬೇಕಾಗಿಲ್ಲ. ಅಜ್ಜಿಯ ತವರು ನಾರಾಯಣದೇವರಕೆರೆ. ಮನೆಯ ತೊಲೆ, ಬಾಗಿಲು ಬಿಚ್ಚಿ ಬಂಡಿಗೆ ಹೇರಿಕೊಂಡು ಮರಿಯಮ್ಮನಹಳ್ಳಿಗೆ ಬಂದರಂತೆ. ಆ ಬಾಗಿಲು ಇವತ್ತಿಗೂ ಮಾವನ ಮನೆಗೆ ಇದೆ. ಕಾಲುವೆ ನೀರಿನಿಂದ ಎಷ್ಟೋ ಮನೆ ಉದ್ಧಾರ ಆದದ್ದು ಅಜ್ಜಿಗೆ ಗೊತ್ತಿತ್ತು, ಆದರೂ ಡ್ಯಾಮ್ ನೋಡಲು ಒಂದು ಸಲವೂ ಬರಲಿಲ್ಲ.

ನಮ್ಮ ಡ್ಯಾಮಿನಲ್ಲಿ ಹೂಳು ತುಂಬಿ 133 ಟಿಎಂಸಿ ಹಿಡಿಯುತ್ತಿದ್ದದ್ದು 105ರ ಆಸುಪಾಸಿಗೆ ಇಳಿದಿದೆ. ಅಲ್ಲಿ ವೋಲ್ಟಾದ ಕತೆಯೂ ಇದೇ, ಆದರೆ ಪೆಟ್ಟು ಬಿದ್ದಿದ್ದು ಕೆಳಗೆ. ನದಿ ಸಮುದ್ರಕ್ಕೆ ತಂದು ಹಾಕುತ್ತಿದ್ದ ಮರಳು ಡ್ಯಾಮಿನ ಹಿಂದೆ ನಿಂತುಬಿಟ್ಟಿತು. ದಡಕ್ಕೆ ಮರಳು ಬರುವುದು ಕಡಿಮೆ ಆಗಿ, ಮೊದಲೇ ಇದ್ದ ಸಮುದ್ರದ ಕೊರೆತ ಇನ್ನೂ ಜಾಸ್ತಿ ಆಯಿತು. ಹಾಗೆ ಬೀದಿ ಬೀದಿಯನ್ನೇ ಸಮುದ್ರಕ್ಕೆ ಕಳೆದುಕೊಂಡ ಊರು ಕೇಟಾ, ಗ್ಬೆಡೆಮಾಗೆ ಕೊನೆಯ ಸಲ ಓಟು ಹಾಕಿದ ಊರು.